ಬುದ್ಧನಲ್ಲದ ಮೊಲ: ತೆಜುಕಾ ಒಸಾಮು ಅವರ ಮಾಂಗಾದಲ್ಲಿ ಸಣ್ಣ ಪಾತ್ರಗಳು



ಒಂದು ದೊಡ್ಡ ಕೃತಿಯ ವಸ್ತು ಯಾರಿಂದ ಬೆಳೆಯುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಕಾವ್ಯಮೀಮಾಂಸೆ ಬಹುಮಟ್ಟಿಗೆ ನಾಯಕನ ಕಡೆಯಿಂದಲೇ ಕೇಳಿಕೊಂಡು ಬಂದಿದೆ. ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ ಎಂದು ನಾಯಕರನ್ನು ವಿಂಗಡಿಸುವಾಗ ತೋರಿದ ಮುತುವರ್ಜಿಯನ್ನು ಆಲಂಕಾರಿಕರು ಅವರ ಸುತ್ತ ಓಡಾಡುವವರ ವಿಷಯದಲ್ಲಿ ತೋರಲಿಲ್ಲ. ಪೀಠಮರ್ದ, ವಿಟ, ಚೇಟ, ವಿದೂಷಕ ಎಂಬ ಹೆಸರುಗಳಿವೆ, ನಿಜ. ಆದರೆ ಅವು ನಾಯಕನಿಗೆ ಇವರಿಂದ ಏನೇನು ಉಪಯೋಗ ಎಂಬುದರ ಪಟ್ಟಿ. ಸಣ್ಣ ಪಾತ್ರವೊಂದು ಕೃತಿಯ ಅರ್ಥವನ್ನೇ ಅಲುಗಾಡಿಸಬಲ್ಲದು ಎಂಬುದಕ್ಕೆ ಆ ವಿಂಗಡಣೆಯಲ್ಲಿ ಜಾಗವಿಲ್ಲ.

ಈ ಮಾತನ್ನು ಚರ್ಚಿಸಲು ನಾನು ಆರಿಸಿಕೊಂಡಿರುವುದು ಜಪಾನಿನ ಒಂದು ಮಾಂಗಾ, ಅಂದರೆ ಚಿತ್ರಕಥಾ ಸರಣಿ: ತೆಜುಕಾ ಒಸಾಮು ಅವರ ‘ಬುದ್ಧ’. ವಿದ್ವತ್ಸಭೆಯಲ್ಲಿ ಚಿತ್ರಕಥೆಯ ಮಾತೇ ಎಂದು ಹುಬ್ಬೇರಿಸುವವರು ಇರಬಹುದು. ಕನಗನಹಳ್ಳಿಯ ಸ್ತೂಪದ ಕಲ್ಲುಫಲಕಗಳಲ್ಲಿ ಜಾತಕದ ಕಥೆಗಳನ್ನು ಕೆತ್ತಿದವರೂ ಚಿತ್ರದಲ್ಲಿಯೇ ಕಥೆ ಹೇಳಿದವರು ಎಂಬಷ್ಟನ್ನು ನೆನಪಿಸಿ ಮುಂದೆ ಹೋಗುತ್ತೇನೆ.

ತೆಜುಕಾ 1928ರಲ್ಲಿ ಹುಟ್ಟಿ 1989ರಲ್ಲಿ ತೀರಿಕೊಂಡವರು. ವೈದ್ಯಶಾಸ್ತ್ರ ಓದಿ, ವೈದ್ಯರಾಗುವ ಅರ್ಹತೆ ಪಡೆದು, ಕೊನೆಗೆ ಲೇಖನಿ ಮತ್ತು ಶಾಯಿಯನ್ನೇ ನೆಚ್ಚಿಕೊಂಡವರು. ಎರಡನೆಯ ಮಹಾಯುದ್ಧದ ನಂತರದ ಜಪಾನಿನಲ್ಲಿ ಉದ್ದನೆಯ ಕಥಾ ಮಾಂಗಾ ಎಂಬ ಪ್ರಕಾರ ಬೇರೂರಿದ್ದು ಹೆಚ್ಚಾಗಿ ಅವರ ಕೈಯಲ್ಲಿ. ‘ಬುದ್ಧ’ ಎಳೆಯರ ಪತ್ರಿಕೆಯೊಂದರಲ್ಲಿ 1972ರಲ್ಲಿ ಆರಂಭವಾಗಿ, ಆ ಪತ್ರಿಕೆ ಹೆಸರು ಬದಲಿಸಿಕೊಂಡರೂ ನಿಲ್ಲದೆ, 1983ರವರೆಗೆ ಧಾರಾವಾಹಿಯಾಗಿ ಬಂತು. 1975ರಲ್ಲಿಯೇ ಅದಕ್ಕೆ ಬುಂಗೆಇಶುಂಜು ಮಾಂಗಾ ಪ್ರಶಸ್ತಿ ಸಂದಿತ್ತು. ಎಂಟು ಸಂಪುಟಗಳ ಇಂಗ್ಲಿಷ್ ಅನುವಾದಕ್ಕೆ 2004 ಮತ್ತು 2005ರಲ್ಲಿ ಅಮೆರಿಕದ ಐಸ್ನರ್ ಪ್ರಶಸ್ತಿ ದೊರೆಯಿತು. ಆ ಅನುವಾದ ನಮ್ಮ ದೇಶದಲ್ಲಿಯೂ ಅಚ್ಚಾಗಿದೆ. ಹೀಗಾಗಿ ಇಲ್ಲಿ ಹೇಳುವ ಮಾತುಗಳನ್ನು ಪುಸ್ತಕ ಎದುರಿಗಿಟ್ಟುಕೊಂಡು ಒರೆಗೆ ಹಚ್ಚುವುದು ಕಷ್ಟವೇನಲ್ಲ.

ಸಣ್ಣ ಪಾತ್ರಗಳ ಬಗೆಗೆ ವಿಮರ್ಶೆಯಲ್ಲಿ ಚಾಲ್ತಿಯಲ್ಲಿರುವ ಅಭಿಪ್ರಾಯ ಸರಳವಾದದ್ದು. ಕೃತಿಗೊಂದು ತತ್ವ ಇರುತ್ತದೆ. ನಾಯಕ ಅದನ್ನು ಬಾಳುತ್ತಾನೆ. ಉಳಿದವರು ಅದಕ್ಕೆ ಉದಾಹರಣೆ ಒದಗಿಸುತ್ತಾರೆ. ಕರುಣೆ ಕೃತಿಯ ವಸ್ತುವಾದರೆ ಒಬ್ಬ ಕರುಣಾಳು, ಒಬ್ಬ ಕಟುಕ, ಕಟುಕತನ ಬಿಟ್ಟು ಮನಸ್ಸು ಬದಲಿಸಿಕೊಂಡ ಇನ್ನೊಬ್ಬ. ಬೋಧಪ್ರಧಾನ ಕಥೆಗಳಲ್ಲಿ ನಡೆಯುವುದೇ ಹೀಗೆ. ‘ಬುದ್ಧ’ದಂಥ ಕೃತಿಯಲ್ಲಿ ಹೀಗೆ ನಡೆಯುವ ಅಪಾಯ ಇನ್ನೂ ಹೆಚ್ಚು, ಏಕೆಂದರೆ ನಾಯಕ ಯಾರೆಂದು ಓದುಗನಿಗೆ ಮೊದಲೇ ಗೊತ್ತು, ಅವನು ಕೊನೆಗೆ ಏನಾಗುತ್ತಾನೆ ಎಂಬುದೂ ಗೊತ್ತು. ನನ್ನ ವಾದ ಇಷ್ಟು: ತೆಜುಕಾ ಅವರ ಸಣ್ಣ ಪಾತ್ರಗಳು ಬುದ್ಧನ ಬೋಧೆಗೆ ಉದಾಹರಣೆಗಳಲ್ಲ. ಬೋಧೆಗೆ ದಕ್ಕದೆ ಉಳಿದದ್ದನ್ನು ಅವು ಹೊತ್ತು ತರುತ್ತವೆ. ಕೃತಿ ಆಳವಾಗುವುದು ಅಲ್ಲಿ. ಇದನ್ನು ಸಾಧಿಸಲು ತೆಜುಕಾ ಬೌದ್ಧ ಕಥಾಪರಂಪರೆಯ ಒಂದು ಮುಖ್ಯ ಕಟ್ಟಳೆಯನ್ನೇ ಮುರಿದರು.

ಆ ಕಟ್ಟಳೆ ಯಾವುದೆಂದು ನೋಡಲು ಜಾತಕಗಳ ಕಡೆ ತಿರುಗಬೇಕು. ಪಾಲಿ ಜಾತಕದ ಪ್ರತಿಯೊಂದು ಕಥೆಯೂ ಕೊನೆಯಲ್ಲಿ ಒಂದು ಲೆಕ್ಕ ಒಪ್ಪಿಸುತ್ತದೆ. ಕಥೆಯಲ್ಲಿ ಬಂದ ರಾಜ ಇಂದಿನ ಇಂಥ ಭಿಕ್ಷು, ಆ ಆನೆ ಇಂದಿನ ಇಂಥವನು, ಬೋಧಿಸತ್ವನಾಗಿದ್ದವನು ನಾನೇ ಎಂದು ಬುದ್ಧ ಹೇಳಿ ಮುಗಿಸುತ್ತಾನೆ. ಪರಂಪರೆ ಇದನ್ನು ಸಮೋಧಾನ ಎನ್ನುತ್ತದೆ. ಇದರಿಂದ ಕಥೆಗೆ ಒಂದು ನೆಮ್ಮದಿ ದೊರೆಯುತ್ತದೆ. ಯಾವ ಸಣ್ಣ ಪ್ರಾಣಿ ಎಷ್ಟೇ ನರಳಲಿ, ಅದು ನಿಜಕ್ಕೂ ಸಣ್ಣದಲ್ಲ. ವೇಷ ಬದಲಿಸಿಕೊಂಡ ದೊಡ್ಡದು.

ಶಶಜಾತಕವನ್ನೇ ತೆಗೆದುಕೊಳ್ಳಿ. ಮೊಲಕ್ಕೆ ಮೂರು ಗೆಳೆಯರು: ಮಂಗ, ನರಿ, ನೀರುನಾಯಿ. ಬ್ರಾಹ್ಮಣನ ವೇಷದಲ್ಲಿ ಶಕ್ರ ಬಂದು ಆಹಾರ ಬೇಡುತ್ತಾನೆ. ಮೂವರೂ ತಮ್ಮಲ್ಲಿದ್ದುದನ್ನು ಕೊಡಲು ಮುಂದಾಗುತ್ತಾರೆ. ಹುಲ್ಲಲ್ಲದೆ ಬೇರೇನೂ ಇಲ್ಲದ ಮೊಲ ಬೆಂಕಿ ಹೊತ್ತಿಸಲು ಹೇಳಿ, ತನ್ನ ಮೈಯನ್ನೇ ಆಹಾರವಾಗಿ ಕೊಡಲು ಅದರೊಳಗೆ ಹಾರುತ್ತದೆ. ಹಾರುವ ಮುನ್ನ ಮೂರು ಬಾರಿ ಮೈ ಕೊಡವಿಕೊಳ್ಳುತ್ತದೆ, ತುಪ್ಪಳದಲ್ಲಿರುವ ಹುಳುಗಳು ತನ್ನೊಂದಿಗೆ ಸುಟ್ಟುಹೋಗದಿರಲಿ ಎಂದು. ಜಾತಕಕಾರನ ಈ ಒಂದು ವಿವರದ ಮುಂದೆ ಎಷ್ಟೋ ಮಹಾಕಾವ್ಯಗಳ ದಾನವರ್ಣನೆ ಸಪ್ಪೆ ಎನಿಸುತ್ತದೆ. ಆದರೆ ನಂತರ ಏನಾಗುತ್ತದೆ? ಬೆಂಕಿ ಮಂಜಿನಂತೆ ತಣ್ಣಗಿರುತ್ತದೆ. ಮೊಲಕ್ಕೆ ಏನೂ ಆಗುವುದಿಲ್ಲ. ಶಕ್ರ ನಿಜರೂಪ ತೋರಿ, ಅದರ ಕೀರ್ತಿ ಉಳಿಯಲೆಂದು ಚಂದ್ರನ ಮೇಲೆ ಮೊಲದ ಚಿತ್ರ ಬರೆಯುತ್ತಾನೆ. ನೀರುನಾಯಿ ಆನಂದ, ನರಿ ಮೊಗ್ಗಲ್ಲಾನ, ಮಂಗ ಸಾರಿಪುತ್ತ, ಮೊಲ ನಾನೇ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಚಂದ್ರನಲ್ಲಿ ಮೊಲವಿದೆ ಎಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ತೋರಿಸುವ ಹಾಗೆ ಜಪಾನಿನಲ್ಲೂ ತೋರಿಸುತ್ತಾರೆ. ಹನ್ನೆರಡನೆಯ ಶತಮಾನದ ‘ಕೊಂಜಾಕು ಮೊನೊಗತಾರಿ’ ಎಂಬ ಕಥಾಕೋಶದಲ್ಲಿ ಇದೇ ಕಥೆ ಮೊಲ, ನರಿ, ಮಂಗಗಳ ಕಥೆಯಾಗಿ ಬಂದಿದೆ.

ತೆಜುಕಾ ತಮ್ಮ ಕೃತಿಯನ್ನು ಈ ಕಥೆಯಿಂದಲೇ ಆರಂಭಿಸುತ್ತಾರೆ. ಹಿಮದಲ್ಲಿ ಕುಸಿದು ಬಿದ್ದ ಒಬ್ಬ ಮುದುಕ. ಅವನ ಬಳಿಗೆ ಬರುವವು ಕರಡಿ, ನರಿ, ಮೊಲ. ಕರಡಿ ಮೀನು ತರುತ್ತದೆ, ನರಿ ಹಣ್ಣು ತರುತ್ತದೆ, ಮೊಲ ಬರಿಗೈಯಲ್ಲಿ ಹಿಂದಿರುಗುತ್ತದೆ. ಈ ಭಾಗವನ್ನು ತೆಜುಕಾ ಹೆಚ್ಚುಕಡಿಮೆ ಮಾತಿಲ್ಲದೆ, ಬರಿಯ ಚಿತ್ರಗಳಲ್ಲಿ ನಡೆಸುತ್ತಾರೆ. ಬೆಂಕಿ ಹೊತ್ತಿಸುವಂತೆ ಮೊಲ ಸನ್ನೆ ಮಾಡುತ್ತದೆ, ಮುದುಕ ಹೊತ್ತಿಸುತ್ತಾನೆ, ಅದು ಹಾರಿಬಿಡುತ್ತದೆ. ಇಲ್ಲಿ ಬೆಂಕಿ ತಣ್ಣಗಿಲ್ಲ. ವೇಷ ಕಳಚುವ ಶಕ್ರನೂ ಇಲ್ಲ, ಚಂದ್ರನ ಮೇಲೆ ಚಿತ್ರವೂ ಇಲ್ಲ. ಮುದುಕ ನಿಜವಾಗಿಯೂ ಹಸಿದಿದ್ದ ಮುದುಕ, ಮೊಲ ನಿಜವಾಗಿಯೂ ಸುಟ್ಟುಹೋದ ಮೊಲ. ಈ ಕಥೆಯನ್ನು ಶಿಷ್ಯರಿಗೆ ಹೇಳುವ ಅಸಿತ ಮುನಿ, ಆ ಮೊಲ ಹಾಗೇಕೆ ಮಾಡಿತು ಎಂಬುದನ್ನು ಪ್ರಶ್ನೆಯಾಗಿಯೇ ಬಿಡುತ್ತಾನೆ. ಅದನ್ನು ಬಿಡಿಸಬಲ್ಲವನನ್ನು ಹುಡುಕಿಕೊಂಡು ಹೋಗುವಂತೆ ನರದತ್ತನೆಂಬ ಶಿಷ್ಯನಿಗೆ ಅಪ್ಪಣೆಯಾಗುತ್ತದೆ.

ಸಮೋಧಾನವನ್ನು ಕಿತ್ತುಹಾಕಿದ್ದರ ಪರಿಣಾಮವನ್ನು ಗಮನಿಸಬೇಕು. ಮೊಲ ಬುದ್ಧನಾಗದೆ ಹೋದರೆ ಅದರ ಸಾವಿಗೆ ಹೊಣೆ ಹೊರುವವರು ಯಾರು? ಪರಂಪರೆಯಲ್ಲಿ ಆ ಸಾವು ಬೋಧಿಸತ್ವನ ಪಾರಮಿತೆಯ ಖಾತೆಗೆ ಜಮೆಯಾಗುತ್ತಿತ್ತು. ಇಲ್ಲಿ ಅದು ಯಾರ ಖಾತೆಗೂ ಸೇರದೆ ಉಳಿಯುತ್ತದೆ. ಮುಂದೆ ಬರುವ ಬುದ್ಧ ಈ ಸಾವಿನ ಮಾಲೀಕನಲ್ಲ, ಅದಕ್ಕೆ ಉತ್ತರ ಕೊಡಬೇಕಾದವನು.

ಮೊದಲ ಸಂಪುಟದ ಬಹುಪಾಲು ಸಿದ್ಧಾರ್ಥ ಹುಟ್ಟುವುದೇ ಇಲ್ಲ ಎಂಬುದು ಈ ದೃಷ್ಟಿಯಿಂದ ಸಹಜವಾಗಿಯೇ ಇದೆ. ಬುದ್ಧನ ಹೆಸರಿನ ಪುಸ್ತಕ ಕೊಂಡು ತಂದ ಓದುಗನ ಮುಂದೆ ತೆಜುಕಾ ನಿಲ್ಲಿಸುವುದು ಛಪ್ರ ಎಂಬ ದಾಸ ಹುಡುಗನನ್ನು, ಅವನ ತಾಯಿಯನ್ನು, ತತ್ತ ಎಂಬ ಅಂತ್ಯಜ ಪೋರನನ್ನು. ಪರಂಪರೆಯಲ್ಲಿ ಇವರ ಸುಳಿವಿಲ್ಲ. ಇವರು ತೆಜುಕಾ ಅವರ ಸೃಷ್ಟಿ. ಛಪ್ರ ಕೋಸಲದ ಸೇನಾಪತಿಯನ್ನು ಮೊಸಳೆಯ ಬಾಯಿಂದ ಉಳಿಸಿ, ಹುಟ್ಟು ಮುಚ್ಚಿಟ್ಟುಕೊಂಡು ಅವನ ಸಾಕುಮಗನಾಗುತ್ತಾನೆ, ಯೋಧನಾಗಿ ಮೇಲೇರುತ್ತಾನೆ. ಹುಟ್ಟಿನ ಗುಟ್ಟು ಬಯಲಾದಾಗ ಪದವಿ ಮತ್ತು ತಾಯಿ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಅವನು ತಾಯಿಯನ್ನು ಆರಿಸುತ್ತಾನೆ, ಇಬ್ಬರೂ ಸಾಯುತ್ತಾರೆ. ಜಾತಿವ್ಯವಸ್ಥೆಯನ್ನು ಬುದ್ಧ ಪ್ರಶ್ನಿಸಿದ ಎಂದು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ತೆಜುಕಾ ಅದನ್ನು ಒಂದಿಡೀ ಸಂಪುಟದಷ್ಟು ಹಿಂದಕ್ಕೆ ಎಳೆಯುತ್ತಾರೆ. ಬುದ್ಧ ಬಂದು ಪ್ರಶ್ನಿಸುವುದಕ್ಕೆ ಮೊದಲೇ ಒಬ್ಬ ಹುಡುಗ ಆ ವ್ಯವಸ್ಥೆಯೊಳಗೆ ಏಣಿ ಹತ್ತಿ ಬಿದ್ದಿದ್ದಾನೆ. ಮುಂದೆ ಸಮಾನತೆಯ ಮಾತು ಬಂದಾಗಲೆಲ್ಲ ಓದುಗನ ಮನಸ್ಸಿನಲ್ಲಿ ಛಪ್ರನ ಮುಖ ಸುಳಿಯುತ್ತದೆ, ಆ ಮಾತು ಅವನಿಗೆ ತಡವಾಗಿ ಬಂತು ಎಂಬ ಅರಿವಿನೊಂದಿಗೆ.

ನರದತ್ತನ ಸಂಗತಿ ಇದಕ್ಕಿಂತ ವಿಚಿತ್ರ. ‘ಲಲಿತವಿಸ್ತರ’ದಲ್ಲಿ ಅಸಿತನೊಡನೆ ಬರುವ ಸೋದರಳಿಯನಿಗೆ ಈ ಹೆಸರಿದೆ, ಅಲ್ಲಿ ಅವನ ಪಾತ್ರ ಅಷ್ಟಕ್ಕಷ್ಟೆ. ತೆಜುಕಾ ಅವನಿಂದ ಒಂದು ಅಪರಾಧ ಮಾಡಿಸುತ್ತಾರೆ. ಆ ಸಾವಿಗೂ ಮೊದಲು ಒಮ್ಮೆ ಸಾಯುವಂತಿದ್ದ ಛಪ್ರನಿಗೆ ಮದ್ದು ತರಿಸಲು ಅವನು ಪ್ರಾಣಿಗಳನ್ನು ಒಂದರ ನಂತರ ಒಂದರಂತೆ ಓಡಿಸುತ್ತಾನೆ. ಓಡಿದ ಪ್ರಾಣಿಗಳು ಓಡಿ ಓಡಿ ಸಾಯುತ್ತವೆ, ಛಪ್ರ ಬದುಕುತ್ತಾನೆ. ಒಬ್ಬ ಮನುಷ್ಯನನ್ನು ಉಳಿಸಲು ಅಷ್ಟು ಪ್ರಾಣಿಗಳ ಜೀವ ತೆತ್ತದ್ದಕ್ಕಾಗಿ ಅಸಿತ ಅವನನ್ನು ಮೃಗದಂತೆ ಬದುಕು ಎಂದು ಶಪಿಸುತ್ತಾನೆ. ಅಂದಿನಿಂದ ನರದತ್ತ ಮಾತು ಬಿಟ್ಟು, ನಾಲ್ಕು ಕಾಲಿನ ಮೇಲೆ ನಡೆಯುತ್ತ, ಸಂಪುಟದಿಂದ ಸಂಪುಟಕ್ಕೆ ಮುದುಕನಾಗುತ್ತ ಹೋಗುತ್ತಾನೆ. ನಾವು ಅವನನ್ನು ಮರೆತಿರುತ್ತೇವೆ. ಯಾವುದೋ ಕಾಡಿನ ಚೌಕಟ್ಟೊಂದರಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾನೆ. ಶಾಪ ಅತಿಯಾಯಿತು ಎಂದು ಓದುಗನಿಗೆ ಅನಿಸಿಯೇ ಅನಿಸುತ್ತದೆ. ಮಗುವಿನಂಥ ಒಬ್ಬನನ್ನು ಉಳಿಸಿದವನಿಗೆ ಇದೆಂಥ ಶಿಕ್ಷೆ? ತೆಜುಕಾ ಈ ಅಸಮಾಧಾನವನ್ನು ಕೆರಳಿಸುತ್ತಾರೆಯೇ ಹೊರತು ತಣಿಸುವುದಿಲ್ಲ. ಎಲ್ಲ ಜೀವಗಳೂ ಸಮ ಎಂದು ಬಾಯಲ್ಲಿ ಹೇಳುವುದು ಸುಲಭ. ಆ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ನಮ್ಮ ನ್ಯಾಯಬುದ್ಧಿ ಎಷ್ಟು ಹೊತ್ತು ತಾಳುತ್ತದೆ ಎಂದು ಅಳೆಯುವ ಪಾತ್ರ ಇದು. ವೈದ್ಯಶಾಸ್ತ್ರ ಓದಿದವರು, ಇದೇ ವರ್ಷಗಳಲ್ಲಿ ‘ಬ್ಲ್ಯಾಕ್ ಜ್ಯಾಕ್’ ಎಂಬ ಶಸ್ತ್ರವೈದ್ಯನ ಕಥೆಗಳನ್ನು ಬರೆಯುತ್ತಿದ್ದವರು, ಒಂದು ಜೀವ ಉಳಿಸುವುದರ ಬೆಲೆಯನ್ನು ಹೀಗೆ ಲೆಕ್ಕ ಹಾಕಿದ್ದು ಕಾಕತಾಳೀಯ ಅಲ್ಲವೆಂದೇ ನನ್ನ ಊಹೆ.

ಸಹೃದಯರೆ, ಈಗ ಅಸ್ಸಜಿಯ ವಿಚಾರಕ್ಕೆ ಬರುತ್ತೇನೆ. ಪಾಲಿ ಪರಂಪರೆಯಲ್ಲಿ ಅಸ್ಸಜಿ ಬುದ್ಧನ ಮೊದಲ ಐವರು ಶಿಷ್ಯರಲ್ಲಿ ಒಬ್ಬ. ಸಾರಿಪುತ್ತ ಮತ್ತು ಮೊಗ್ಗಲ್ಲಾನರು ಸಂಘಕ್ಕೆ ಬರಲು ಕಾರಣನಾದ ಗಂಭೀರ ಭಿಕ್ಷು. ತೆಜುಕಾ ಅವರ ಅಸ್ಸಜಿ ಮೂಗಿನಲ್ಲಿ ಸದಾ ಸಿಂಬಳ ಸುರಿಸುವ, ಬುದ್ಧಿ ಮಂದವೆನಿಸುವ ಒಬ್ಬ ಬೇಡರ ಹುಡುಗ. ಸನ್ಯಾಸಿಗಳಿಗೆ ಅವನು ಬೇಡವಾದ ಹೊರೆ, ಓದುಗನಿಗೆ ನಗುವಿಗೊಂದು ನೆಪ. ಜ್ವರದಲ್ಲಿ ಸತ್ತಂತಾಗಿ ಬದುಕುಳಿದ ಮೇಲೆ ಅವನಿಗೆ ಮುಂದಾಗುವುದು ಕಾಣತೊಡಗುತ್ತದೆ, ತನ್ನ ಸಾವು ಕೂಡ. ಆ ದಿನ ಬಂದಾಗ ಅವನು ಗಡಿಬಿಡಿಯಿಲ್ಲದೆ ಹೋಗಿ ಹಸಿದ ತೋಳಗಳಿಗೆ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ತಡೆಯಲಾಗದ ಸಿದ್ಧಾರ್ಥನಿಗೆ ಉಳಿಯುವುದು ನೋಡುವುದೊಂದೇ.

ಇದರ ಮೂಲವನ್ನು ಬೌದ್ಧ ಕಥೆಗಳ ಪರಿಚಯವಿದ್ದವರು ಕೂಡಲೇ ಗುರುತಿಸುತ್ತಾರೆ. ಹಸಿದ ತಾಯಿಹುಲಿಗೆ ಮೈಯೊಪ್ಪಿಸಿದ ಬೋಧಿಸತ್ವನ ಕಥೆ ಆರ್ಯಶೂರನ ‘ಜಾತಕಮಾಲೆ’ಯ ಮೊದಲ ಕಥೆ. ನಾರಾ ಸೀಮೆಯ ಹೋರ್ಯೂಜಿ ದೇವಾಲಯದಲ್ಲಿರುವ ಏಳನೆಯ ಶತಮಾನದ ತಮಾಮುಶಿ ಮಂಟಪದ ಒಂದು ಪಕ್ಕದಲ್ಲಿ ಈ ಕಥೆಯ ಚಿತ್ರವಿದೆ. ಒಂದೇ ಫಲಕದಲ್ಲಿ ಮೂರು ಗಳಿಗೆಗಳು: ಮೇಲೆ ರಾಜಕುಮಾರ ತನ್ನ ಬಟ್ಟೆಯನ್ನು ಮರಕ್ಕೆ ತೂಗುಹಾಕುತ್ತಿದ್ದಾನೆ, ನಡುವೆ ತಲೆಕೆಳಗಾಗಿ ಬೀಳುತ್ತಿದ್ದಾನೆ, ಕೆಳಗೆ ಹುಲಿಗಳು ಅವನನ್ನು ತಿನ್ನುತ್ತಿವೆ. ಕಣ್ಣು ಮೇಲಿನಿಂದ ಕೆಳಕ್ಕೆ ಇಳಿದಂತೆ ಕಾಲವೂ ಇಳಿಯುತ್ತದೆ. ಮಾಂಗಾದ ಹುಟ್ಟನ್ನು ಇಲ್ಲಿಗೆ ತಳಕು ಹಾಕುವ ಉತ್ಸಾಹ ನನಗಿಲ್ಲ. ಸಾವಿರದ ಮುನ್ನೂರು ವರ್ಷ ತುಂಬ ಉದ್ದನೆಯ ಸೇತುವೆ. ಆದರೆ ಜಪಾನಿನ ಕಣ್ಣಿಗೆ ಈ ತ್ಯಾಗ ಚಿತ್ರಗಳ ಸಾಲಾಗಿ ಎಷ್ಟು ಹಿಂದಿನಿಂದ ಪರಿಚಿತ ಎಂಬುದಕ್ಕೆ ಇದು ಸಾಕ್ಷಿ.

ಆ ಫಲಕದ ರಾಜಕುಮಾರ ಮುಂದೆ ಬುದ್ಧನಾಗುವವನು. ತೆಜುಕಾ ಅವನ ಜಾಗಕ್ಕೆ ಸಿಂಬಳದ ಹುಡುಗನನ್ನು ತಂದರು, ಬುದ್ಧನಾಗುವವನನ್ನು ಪಕ್ಕಕ್ಕೆ ಸರಿಸಿ ನೋಡುಗನನ್ನಾಗಿ ಮಾಡಿದರು. ತ್ಯಾಗ ಮಾಡುವುದು ನಾಯಕನ ಹಕ್ಕು ಎಂಬ ನಂಬಿಕೆ ಅಲ್ಲಿಗೆ ತಲೆಕೆಳಗಾಗುತ್ತದೆ. ಸಿದ್ಧಾರ್ಥನಿಗೆ ಆಗುವುದು ಭಕ್ತಿಯಲ್ಲ, ಕಂಗಾಲು. ತಾನು ವರ್ಷಗಟ್ಟಲೆ ಮೈ ದಂಡಿಸಿ ಹುಡುಕುತ್ತಿರುವ ನಿರ್ಭಯ ಈ ಪೆದ್ದನಲ್ಲಿ ಹೇಗೆ ತಾನಾಗಿ ಬಂತು ಎಂಬುದು ಅವನಿಗೆ ಬಗೆಹರಿಯುವುದಿಲ್ಲ. ಅವನ ಸಾವನ್ನು ಮೆಚ್ಚಬೇಕೋ, ತಡೆಯಬೇಕಿತ್ತೋ ಎಂಬುದೂ ತಿಳಿಯುವುದಿಲ್ಲ. ತೋಳಗಳು ತಿನ್ನುವುದನ್ನು ತೆಜುಕಾ ಮರೆಮಾಡುವುದಿಲ್ಲ. ಎಳೆಯರ ಪತ್ರಿಕೆಯಲ್ಲಿ ಅದನ್ನು ತೋರಿಸಿದ ಧೈರ್ಯವನ್ನು ಮೆಚ್ಚಲೇಬೇಕು.

ಜ್ಞಾನೋದಯದ ಪ್ರಸಂಗದಲ್ಲಿಯೂ ಇದೇ ನಡೆ. ಪರಂಪರೆಯ ಕಥನದಲ್ಲಿ ಬೋಧಿವೃಕ್ಷದ ಕೆಳಗೆ ಮಾರನನ್ನು ಗೆದ್ದು, ಒಬ್ಬಂಟಿಯಾಗಿ, ಒಳಮುಖವಾಗಿ ಬುದ್ಧನಾಗುವುದು. ತೆಜುಕಾ ಅಲ್ಲಿಗೆ ಯತಾಲ ಎಂಬ ದೈತ್ಯದೇಹಿ ದಾಸನನ್ನು ಕಳಿಸುತ್ತಾರೆ. ಅವನ ದುಃಖಕ್ಕೆ ಹಿನ್ನೆಲೆಯಾಗಿ ಪಾಲಿ ಅಟ್ಠಕಥೆಗಳ ಒಂದು ಪ್ರಸಿದ್ಧ ಘಟನೆ ಇದೆ. ಕೋಸಲದ ಪ್ರಸೇನಜಿತ್ ಶಾಕ್ಯರ ಹೆಣ್ಣು ಕೇಳಿದಾಗ, ಕುಲಾಭಿಮಾನಿಗಳಾದ ಅವರು ದಾಸಿಯ ಮಗಳೊಬ್ಬಳನ್ನು ರಾಜಪುತ್ರಿಯೆಂದು ನಂಬಿಸಿ ಕೊಟ್ಟರು. ಅವಳ ಮಗ ವಿಡೂಡಭ. ಅಟ್ಠಕಥೆಯ ಗಮನವೆಲ್ಲ ಅವನಿಗಾದ ಅವಮಾನದ ಮೇಲೆ, ಅವನು ಶಾಕ್ಯರ ಮೇಲೆ ತೀರಿಸಿಕೊಂಡ ಸೇಡಿನ ಮೇಲೆ. ತೆಜುಕಾ ಆ ತಾಯಿಯ ಕಡೆ ತಿರುಗುತ್ತಾರೆ. ಗುಟ್ಟು ತಿಳಿದ ಮಗ ಹೆತ್ತವಳನ್ನೇ ದಾಸರ ಕೇರಿಗೆ ಅಟ್ಟುತ್ತಾನೆ. ಅಲ್ಲಿ ಪಿಡುಗು ಹಬ್ಬಿದಾಗ ಎಲ್ಲರನ್ನೂ ಸುಡುವ ಅಪ್ಪಣೆಯಾಗುತ್ತದೆ. ಅವಳನ್ನು ತಾಯಿಯಂತೆ ಕಾಣುತ್ತಿದ್ದ ಯತಾಲ ಉಳಿಸಲಾಗದೆ ಸೋಲುತ್ತಾನೆ.

ಈ ಯತಾಲ ಸಿದ್ಧಾರ್ಥನ ಮುಂದೆ ಬಂದು ಕೂರುತ್ತಾನೆ. ಅವರ ಮಾತುಕತೆ ಮಗುವಿನ ಒಗಟಿನಷ್ಟು ಸರಳ. ನಾನು ದುಃಖಿ ಎನ್ನುತ್ತಾನೆ ಯತಾಲ. ನಿನಗಿಂತ ದುಃಖಿ ಯಾರೂ ಇಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಸತ್ತ ಆ ರಾಣಿ ಇದ್ದಳಲ್ಲ. ಅವಳನ್ನು ಸಾಯಲು ಬಿಟ್ಟ ಮಗ ಸುಖಿಯೇ? ಅಲ್ಲ. ಅವನ ತಂದೆ? ಅವನೂ ಅಲ್ಲ. ಹೀಗೆ ದಾಸನಿಂದ ರಾಜನವರೆಗೆ ಎಣಿಸುತ್ತ ಹೋದರೆ ಸುಖಿಯಾದ ಒಬ್ಬನೂ ಸಿಗುವುದಿಲ್ಲ. ಹಾಗಾದರೆ ಮನುಷ್ಯ ಏಕೆ ಹುಟ್ಟುತ್ತಾನೆ ಎಂದು ಯತಾಲ ಕೇಳಿದಾಗ ಸಿದ್ಧಾರ್ಥ ಸುತ್ತಲಿನ ಮರ, ಹುಲ್ಲು, ಬೆಟ್ಟಗಳನ್ನು ತೋರಿಸಿ, ಅವುಗಳಂತೆ ನೀನೂ ಈ ಸೃಷ್ಟಿಯ ಒಂದು ಭಾಗ, ನೀನು ಇಲ್ಲದೆ ಹೋದರೆ ಎಲ್ಲೋ ಏನೋ ಏರುಪೇರಾಗುತ್ತದೆ ಎಂಬರ್ಥದ ಮಾತು ಹೇಳುತ್ತಾನೆ. ಯತಾಲ ಹಗುರಾಗಿ ಎದ್ದು ಹೋಗುತ್ತಾನೆ. ಹೇಳಿದವನು ಮಾತ್ರ ಬೆರಗಾಗಿ ಕೂತುಬಿಡುತ್ತಾನೆ. ಈ ಮಾತು ತನ್ನ ಬಾಯಿಂದ ಬಂತೇ ಎಂಬ ಬೆರಗೇ ತೆಜುಕಾ ಅವರಲ್ಲಿ ಬೋಧಿ.

ಇದು ಶಾಸ್ತ್ರಸಮ್ಮತವಲ್ಲ ಎಂದು ಬೌದ್ಧ ವಿದ್ವಾಂಸರು ಆಕ್ಷೇಪಿಸಬಹುದು. ದುಃಖದ ಕಾರಣಕ್ಕೆ ಬುದ್ಧ ಕೊಟ್ಟ ಉತ್ತರ ತೃಷ್ಣೆಯೇ ಹೊರತು ನಿಸರ್ಗದ ಸಮತೋಲವಲ್ಲ. ತೆಜುಕಾ ಇಲ್ಲಿ ತಮ್ಮದೇ ದರ್ಶನವನ್ನು ಬುದ್ಧನ ಬಾಯಲ್ಲಿ ಆಡಿಸುತ್ತಿದ್ದಾರೆ. ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಕಥನದ ದೃಷ್ಟಿಯಿಂದ ಅವರ ನಡೆ ಅಸಾಧಾರಣವಾದದ್ದು. ಜ್ಞಾನ ಮೊದಲು ದೊರೆತು ನಂತರ ಹಂಚಲ್ಪಡುವ ವಸ್ತು ಅಲ್ಲ ಇಲ್ಲಿ. ಕೇಳುವವನೊಬ್ಬ ಎದುರಿಗೆ ಬಂದು ಕೂತಾಗಲೇ ಅದು ಹುಟ್ಟುತ್ತದೆ. ಯತಾಲನ ಪ್ರಶ್ನೆ ಇಲ್ಲದಿದ್ದರೆ ಬುದ್ಧನಿಲ್ಲ.

ಪಾಲಿ ಗ್ರಂಥಗಳಲ್ಲಿಯೂ ಇದಕ್ಕೆ ಹತ್ತಿರದ ಒಂದು ಕಿರುಪಾತ್ರವಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಬೋಧಿಯ ನಂತರ ವಾರಾಣಸಿಯ ದಾರಿಯಲ್ಲಿ ಬುದ್ಧನಿಗೆ ಉಪಕನೆಂಬ ಆಜೀವಕ ಎದುರಾಗುತ್ತಾನೆ. ತಾನು ಎಲ್ಲವನ್ನೂ ಗೆದ್ದವನು ಎಂದು ಬುದ್ಧ ಹೇಳಿದಾಗ, ಇರಬಹುದು ಬಿಡು ಎನ್ನುವಂತೆ ತಲೆಯಾಡಿಸಿ ಉಪಕ ಬೇರೆ ದಾರಿ ಹಿಡಿಯುತ್ತಾನೆ. ಜಗತ್ತಿನ ದೊಡ್ಡ ಧರ್ಮವೊಂದರ ಗ್ರಂಥ ತನ್ನ ಗುರುವನ್ನು ನಂಬದೆ ಹೋದ ಮೊದಲಿಗನನ್ನು ಅಳಿಸಿಹಾಕದೆ ಇಟ್ಟುಕೊಂಡಿದೆ. ಪರಂಪರೆಯನ್ನು ತೆಜುಕಾ ಮುರಿದರು ಎಂದು ಹೇಳಿದೆನಷ್ಟೆ. ಮುರಿಯುವ ಸುತ್ತಿಗೆಯನ್ನೂ ಅದೇ ಪರಂಪರೆ ಒದಗಿಸಿತ್ತು ಎನ್ನಬಹುದು.

ಇಷ್ಟಾದರೂ ಇಡೀ ಕೃತಿಯ ಭಾರ ಬಿದ್ದಿರುವುದು ತತ್ತನ ಮೇಲೆ. ತನ್ನವರನ್ನು ಕೋಸಲದ ಸೈನಿಕರಿಗೆ ಬಲಿಕೊಟ್ಟು, ಛಪ್ರ ಮತ್ತು ಅವನ ತಾಯಿಯಲ್ಲಿ ಇನ್ನೊಂದು ಮನೆ ಕಂಡು, ಅದನ್ನೂ ಕಳೆದುಕೊಂಡವನು. ಬಾಲ್ಯದಲ್ಲಿ ಪ್ರಾಣಿಗಳ ಮೈಹೊಕ್ಕು ಅವುಗಳ ಕಣ್ಣಿನಿಂದ ನೋಡಬಲ್ಲ ಶಕ್ತಿ ಅವನಿಗಿತ್ತು. ಬೆಳೆದಂತೆ ಅದು ಹೋಗುತ್ತದೆ. ದರೋಡೆಕೋರನಾಗುತ್ತಾನೆ. ಅರಮನೆಯ ಸಿದ್ಧಾರ್ಥನಿಗೆ ಹೊರಜಗತ್ತನ್ನು ತೋರಿಸುತ್ತಾನೆ. ಮುಂದೆ ಬುದ್ಧನ ಹಿಂಬಾಲಕನೂ ಆಗುತ್ತಾನೆ, ಬುದ್ಧನನ್ನು ಮನಸಾರೆ ಪ್ರೀತಿಸುತ್ತಾನೆ. ಆದರೆ ಕೋಸಲದ ಮೇಲಿನ ಸೇಡನ್ನು ಮಾತ್ರ ಬಿಡಲೊಲ್ಲ. ಎಷ್ಟು ಬೋಧೆ ಕೇಳಿದರೂ ಅದೊಂದು ಗಂಟು ಬಿಚ್ಚುವುದಿಲ್ಲ. ಕೊನೆಗೆ ಬುದ್ಧನ ಮಾತು ಮೀರಿ ಯುದ್ಧಕ್ಕೆ ಹೋಗಿ ಸಾಯುತ್ತಾನೆ. ಬುದ್ಧ ಕುಸಿದುಹೋಗುತ್ತಾನೆ, ಇಷ್ಟು ವರ್ಷ ತಾನು ಹೇಳಿದ್ದೆಲ್ಲ ವ್ಯರ್ಥವಾಯಿತೇ ಎಂದು ಕೇಳಿಕೊಳ್ಳುತ್ತಾನೆ.

ಅಂಗುಲಿಮಾಲನಂಥವನೂ ಮನಸ್ಸು ಬದಲಿಸಿಕೊಳ್ಳುವ ಪರಂಪರೆಯಲ್ಲಿ ತತ್ತ ಬದಲಾಗದೆ ಸಾಯುವುದಕ್ಕೆ ಏನರ್ಥ? ಅವನದು ಮೂಢತನ ಎಂದು ತಳ್ಳಿಹಾಕಲು ತೆಜುಕಾ ಬಿಡುವುದಿಲ್ಲ. ಮೊದಲ ಸಂಪುಟದಲ್ಲಿ ಛಪ್ರ ಮತ್ತು ಅವನ ತಾಯಿ ಸಾಯುವುದನ್ನು ನಾವು ತತ್ತನೊಂದಿಗೆ ನೋಡಿದ್ದೇವೆ. ಬುದ್ಧ ನೋಡಿಲ್ಲ, ಆಗ ಅವನು ಕೂಸು. ಕ್ಷಮಿಸು ಎಂದು ಹೇಳುವವನಿಗೆ ತಿಳಿಯದ ಒಂದು ನೆನಪು ಕ್ಷಮಿಸಬೇಕಾದವನಿಗೂ ಓದುಗನಿಗೂ ಇದೆ. ಸಣ್ಣ ಪಾತ್ರದ ಪರವಾಗಿ ಓದುಗನನ್ನು ಸಾಕ್ಷಿಯಾಗಿ ನಿಲ್ಲಿಸುವ ಈ ಏರ್ಪಾಡಿಗೆ ಹನ್ನೊಂದು ವರ್ಷಗಳ ಧಾರಾವಾಹಿ ಬೇಕಾಯಿತು. 1972ರಲ್ಲಿ ಬಾಲಕನಾಗಿ ಓದಲು ತೊಡಗಿದವನು ತತ್ತನ ಸಾವಿನ ಹೊತ್ತಿಗೆ ಸ್ವತಃ ದೊಡ್ಡವನಾಗಿದ್ದ. ಅಹಿಂಸೆಯ ತತ್ವ ಇದರಿಂದ ಸೋಲುವುದಿಲ್ಲ, ಆದರೆ ಅದರ ಬೆಲೆ ಓದುಗನಿಗೆ ತಿಳಿಯುತ್ತದೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದ ನಮಗೆ ಮುಖ್ಯರು, ಅಮುಖ್ಯರು ಎಂಬ ಗೆರೆ ಅಳಿಸಿಹೋಗುವುದು ಹೊಸ ಅನುಭವವಲ್ಲ. ಆದರೆ ಅಲ್ಲಿ ಕೇಂದ್ರವನ್ನೇ ತೆಗೆದುಹಾಕಿದ್ದರಿಂದ ಆ ಗೆರೆ ಅಳಿಯಿತು. ತೆಜುಕಾ ಅವರಿಗೆ ಆ ಅನುಕೂಲವಿರಲಿಲ್ಲ. ಕೃತಿಯ ಹೆಸರೇ ‘ಬುದ್ಧ’. ಕೇಂದ್ರವನ್ನು ಅದರ ಜಾಗದಲ್ಲಿ ಬಿಟ್ಟು, ಅಂಚಿನಿಂದ ಅದನ್ನು ಕೆಣಕುವ ಕೆಲಸ ಅವರದು.

ಈ ಕೆಲಸಕ್ಕೆ ಚಿತ್ರಮಾಧ್ಯಮ ಹೇಗೆ ಒದಗಿತು ಎಂಬ ಬಗ್ಗೆ ಎರಡು ಮಾತು. ಕಾದಂಬರಿಕಾರ ‘ದಾಸರ ಗುಂಪು’ ಎಂದು ಒಂದೇ ಮಾತಿನಲ್ಲಿ ಹೇಳಿ ದಾಟಬಹುದು. ಚಿತ್ರಕಾರ ಆ ಗುಂಪಿಗೆ ಮುಖಗಳನ್ನು ಬರೆಯಲೇಬೇಕು. ಬರೆದ ಮುಖ ಒಮ್ಮೆ ಕಂಡರೆ ಮತ್ತೆ ಬಂದಾಗ ಗುರುತು ಸಿಗುತ್ತದೆ. ಇದರ ಜೊತೆಗೆ ತೆಜುಕಾ ಅವರಲ್ಲಿ ಒಂದು ವಿಶೇಷ ಪದ್ಧತಿ ಇತ್ತು. ತಾವು ಸೃಷ್ಟಿಸಿದ ಮುಖಗಳನ್ನು ನಾಟಕ ಕಂಪನಿಯ ನಟರಂತೆ ಇಟ್ಟುಕೊಂಡು, ಒಂದು ಕೃತಿಯಲ್ಲಿ ಪತ್ತೇದಾರನಾದವನನ್ನು ಇನ್ನೊಂದರಲ್ಲಿ ಬೇರೆ ಹೆಸರು, ಬೇರೆ ಕಸುಬು ಕೊಟ್ಟು ರಂಗಕ್ಕೆ ತರುತ್ತಿದ್ದರು. ಇದನ್ನು ಸ್ಟಾರ್ ಪದ್ಧತಿ ಎಂದೇ ಕರೆಯುತ್ತಾರೆ. ಒಂದು ಮುಖ ಯಾವ ಕಥೆಯಲ್ಲೂ ಶಾಶ್ವತವಾಗಿ ದೊಡ್ಡದಲ್ಲ, ಸಣ್ಣದೂ ಅಲ್ಲ. ಗಂಭೀರ ಪ್ರಸಂಗದ ನಡುವೆ ಕಾಲವಿರುದ್ಧವಾದ ತಮಾಷೆ ನುಗ್ಗಿಸುವ ಅವರ ಚಾಳಿ ಮಾತ್ರ ನನಗೆ ಎಲ್ಲ ಕಡೆಯೂ ರುಚಿಸಿಲ್ಲ. ಕೆಲವೆಡೆ ಅದು ಕಟ್ಟಿದ ಭಾವವನ್ನು ಕೆಡಿಸುತ್ತದೆ.

ಇನ್ನೂ ಗುರುತರವಾದ ಆಕ್ಷೇಪ ಒಂದಿದೆ, ಅದನ್ನು ಹೇಳದೆ ಹೋದರೆ ಈ ಉಪನ್ಯಾಸ ಬರಿಯ ಹೊಗಳಿಕೆಯಾದೀತು. ಸಣ್ಣ ಗಂಡು ಪಾತ್ರಗಳಿಗೆ ತೆಜುಕಾ ಪ್ರಶ್ನೆ ಕೇಳುವ, ಒಪ್ಪದೆ ಇರುವ ಅಧಿಕಾರ ಕೊಟ್ಟರು. ಹೆಣ್ಣುಗಳಿಗೆ ಬಹುಮಟ್ಟಿಗೆ ಕೊಟ್ಟದ್ದು ಸಂಕಟವನ್ನು. ಛಪ್ರನ ತಾಯಿ ಮಗನಿಗಾಗಿ ಸಾಯುತ್ತಾ ಬದುಕುತ್ತಾಳೆ. ಅವಳಿಗೆ ಹೆಸರು ಕೂಡ ದಕ್ಕಿಲ್ಲ. ವಿಡೂಡಭನ ತಾಯಿಯ ಸಾವು ಯತಾಲನ ಪ್ರಶ್ನೆಗೆ ಕಾರಣವಾಗುತ್ತದೆಯೇ ಹೊರತು ಅವಳದೇ ಪ್ರಶ್ನೆಯಾಗುವುದಿಲ್ಲ. ಮಿಗೈಲಾ ಎಂಬ ದರೋಡೆಕೋರ ಹುಡುಗಿ ಇನ್ನೂ ಒಳ್ಳೆಯ ಉದಾಹರಣೆ. ಸಿದ್ಧಾರ್ಥ ಅವಳನ್ನು ಪ್ರೀತಿಸಿದನೆಂಬ ಕಾರಣಕ್ಕೆ ಶುದ್ಧೋದನನ ಆಜ್ಞೆಯಂತೆ ಅವಳ ಕಣ್ಣುಗಳನ್ನು ಕಾಯಿಸಿದ ಕಬ್ಬಿಣದಿಂದ ಸುಡುತ್ತಾರೆ. ರಾಜಕುಮಾರನ ಮದುವೆ ಯಶೋಧರೆಯೊಂದಿಗೆ ನಡೆಯುತ್ತದೆ, ಮಿಗೈಲಾ ತತ್ತನ ಹೆಂಡತಿಯಾಗುತ್ತಾಳೆ. ಅರಮನೆಯ ಕ್ರೌರ್ಯಕ್ಕೆ ಇಷ್ಟು ದೊಡ್ಡ ಸಾಕ್ಷಿ ಬೇರೆ ಇಲ್ಲ. ಬುದ್ಧನಿಗೆ ಅವಳು ಹಾಕಬಹುದಾಗಿದ್ದ ಸವಾಲು ತತ್ತನ ಸವಾಲಿಗಿಂತ ಕಠಿನವಾದದ್ದು, ಏಕೆಂದರೆ ಅವಳ ಕಣ್ಣು ಹೋದದ್ದು ಅವನಿಂದಾಗಿ. ಆ ಸವಾಲನ್ನು ಅವಳ ಬಾಯಿಗೆ ಕೊಡುವಲ್ಲಿ ತೆಜುಕಾ ಹಿಂಜರಿದರು. ಅವರ ವಿಧಾನ ಅರ್ಧದಲ್ಲಿ ನಿಂತದ್ದು ಇಲ್ಲಿ.

ವಿಧಾನವನ್ನು ಮುಂದುವರಿಸಿದವರು ಇದ್ದಾರೆ. ನಕಜಾವಾ ಕೆಇಜಿ ತಾವು ಬಾಲ್ಯದಲ್ಲಿ ಕಂಡ ಹಿರೋಶಿಮಾದ ಬಾಂಬನ್ನು ಕುರಿತು 1973ರಲ್ಲಿ ಆರಂಭಿಸಿದ ‘ಬರಿಗಾಲಿನ ಗೆನ್’ನಲ್ಲಿ ಪಕ್ ಎಂಬ ಕೊರಿಯಾದ ನೆರೆಮನೆಯವನಿದ್ದಾನೆ. ಅವನು ಇಲ್ಲದಿದ್ದರೆ ಆ ಕೃತಿ ಜಪಾನೀಯರ ಸಂಕಟದ ಕಥೆಯಾಗಿ ಮುಗಿಯುತ್ತಿತ್ತು. ಸಂಕಟಪಟ್ಟವರೇ ಇನ್ನೊಬ್ಬರನ್ನು ಹಿಂಸಿಸಿದವರೂ ಹೌದು ಎಂಬ ಅರಿವನ್ನು ಅವನು ತಂದುಹಾಕುತ್ತಾನೆ. ಉರಸಾವಾ ನವೊಕಿ ಅವರ ‘ಮಾನ್‌ಸ್ಟರ್’ 1994ರಿಂದ 2001ರವರೆಗೆ ನಡೆದು ಹದಿನೆಂಟು ಸಂಪುಟಗಳಾದ ಸರಣಿ. ಜರ್ಮನಿಯ ಡ್ಯುಸೆಲ್‌ಡಾರ್ಫ್‌ನ ಆಸ್ಪತ್ರೆಯಲ್ಲಿ ಮೊದಲು ಬಂದ ತುರ್ಕಿ ಕೂಲಿಗಾರನನ್ನು ಬಿಟ್ಟು ಪ್ರಸಿದ್ಧ ಗಾಯಕನಿಗೆ ಶಸ್ತ್ರಚಿಕಿತ್ಸೆ ಮಾಡುವಂತೆ ವೈದ್ಯ ಟೆಂಮಾಗೆ ಮೇಲಿನವರ ಅಪ್ಪಣೆಯಾಗುತ್ತದೆ. ಕೂಲಿಗಾರ ಸಾಯುತ್ತಾನೆ. ಅವನ ಹೆಂಡತಿ ಎದುರು ನಿಂತು ಕೇಳುವುದು ಕೆಲವೇ ಪುಟಗಳಲ್ಲಿ. ಟೆಂಮಾ ಮುಂದೆ ಮೇಯರನನ್ನು ಬಿಟ್ಟು ಒಬ್ಬ ಹುಡುಗನನ್ನು ಉಳಿಸುವುದು ಆ ಕೆಲವು ಪುಟಗಳ ಒತ್ತಡದಿಂದ. ಆ ಹುಡುಗ ಕೊಲೆಗಾರನಾಗಿ ಬೆಳೆಯುತ್ತಾನೆ. ಎಲ್ಲ ಜೀವಗಳೂ ಸಮ ಎಂಬ ಮಾತಿಗೆ ಬಿದ್ದ ಈ ಪೆಟ್ಟನ್ನು ನರದತ್ತನ ಶಾಪವನ್ನು ಬಲ್ಲವರು ಸುಲಭವಾಗಿ ಗುರುತಿಸುತ್ತಾರೆ.

ಇದೇ ಉರಸಾವಾ 2003ರಿಂದ 2009ರವರೆಗೆ ‘ಪ್ಲೂಟೊ’ ಬರೆದರು. ತೆಜುಕಾ ಅವರ ‘ಆಸ್ಟ್ರೋ ಬಾಯ್’ನ ಒಂದು ಪ್ರಸಂಗವನ್ನು, ಜಗತ್ತಿನ ಏಳು ಬಲಿಷ್ಠ ರೋಬೋಗಳು ಒಂದೊಂದಾಗಿ ನಾಶವಾಗುವ ಕಥೆಯನ್ನು, ಎಂಟು ಸಂಪುಟಗಳಲ್ಲಿ ಹೊಸದಾಗಿ ಹೇಳಿದರು. ಮೂಲದಲ್ಲಿ ನಾರ್ತ್ ನಂಬರ್ 2 ಎಂಬ ರೋಬೋ ಕೆಲವೇ ಪುಟಗಳಲ್ಲಿ ಬಂದು ಚೂರಾಗುತ್ತದೆ. ಉರಸಾವಾ ಅದನ್ನು ಒಬ್ಬ ಕುರುಡ ಸಂಗೀತಗಾರನ ಮನೆಯ ಆಳಾಗಿ ಇರಿಸಿ, ಪಿಯಾನೊ ಕಲಿಯುವ ಆಸೆ ಹುಟ್ಟಿಸಿ, ಅಧ್ಯಾಯಗಳ ಕಾಲ ಅದರೊಂದಿಗೆ ನಮ್ಮನ್ನು ನಿಲ್ಲಿಸಿ ನಂತರ ಯುದ್ಧಕ್ಕೆ ಕಳಿಸುತ್ತಾರೆ. ಏಳು ರೋಬೋಗಳಲ್ಲಿ ಒಬ್ಬನಾಗಿ ಬಂದುಹೋಗುತ್ತಿದ್ದ ಜರ್ಮನಿಯ ಪತ್ತೇದಾರ ಗೆಸಿಶ್ಟ್ ಹೊಸ ಕಥೆಯ ನಾಯಕನಾಗುತ್ತಾನೆ, ಮೂಲದ ನಾಯಕ ಬಾಲಕ ರೋಬೋ ಅವನ ಪಕ್ಕದ ಪಾತ್ರವಾಗುತ್ತದೆ. ತೆಜುಕಾ ಜಾತಕಗಳಿಗೆ ಮಾಡಿದ್ದನ್ನು ಉರಸಾವಾ ತೆಜುಕಾ ಅವರಿಗೇ ಮಾಡಿದರು. 2005ರಲ್ಲಿ ಆ ಕೃತಿಗೆ ದೊರೆತದ್ದು ತೆಜುಕಾ ಒಸಾಮು ಅವರ ಹೆಸರಿನ ಪ್ರಶಸ್ತಿಯೇ.